ಹಗುರದ್ದೋ, ದೊಡ್ಡ ದನಿಯದ್ದೋ

ಹಸಿರು ಪೊಟ್ಟಣ ಬರಿದಾಗಿತ್ತು ಎಂಬುದು ಯುನ್-ಚಿಂಗಳ ಮನೆಯ ಇತಿಹಾಸದಲ್ಲಿ ಸಾಮಾನ್ಯ ಸಂಗತಿಯಲ್ಲ, ತೈಪೆಯ ಎಲ್ಲರಂತೆ ಅವಳೂ ಲ್ಯಾಪ್‌ಟಾಪಿನ ಪಕ್ಕ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಿದ್ದಳು, ಯಂತ್ರ ಹಟ ಮಾಡದೆ ಜಾಣಮರಿಯಂತಿರಲಿ ಎಂದು, ಹಳದಿ ಪೊಟ್ಟಣ ಆಗದು, ಅವಧಿ ಮೀರಿದ್ದು ಆಗದು, ತಿನ್ನುವುದಂತೂ ಕೂಡದೇ ಕೂಡದು — ಅಪ್ಪ ತಿಂದಿದ್ದರು, ತಿಂದು, ಊದಿ ಗಾಳಿ ತುಂಬಿ, ಅಲ್ಲೇ ಇಟ್ಟಿದ್ದರು, ಮೊನ್ನೆ ಯಂತ್ರ ಸತ್ತಾಗ ಎತ್ತಿ ನೋಡಿದರೆ ಬರೀ ಗಾಳಿ, ಹಸಿವಾಗಿತ್ತು ಕಣೇ ಆ-ಚಿಂಗ್, ಅಂದರು ಅಪ್ಪ, ಯಂತ್ರಕ್ಕೇನು ಹೊಟ್ಟೆ ಇದ್ಯಾ, ಇಲ್ಲಪ್ಪ, ಅವಳಿಗೂ ಅದರಲ್ಲಿ ನಂಬಿಕೆಯಿಲ್ಲ, ಆದರೂ ಈಗ ಲ್ಯಾಪ್‌ಟಾಪ್ ಅಂಗಡಿಯ ಗಾಜಿನ ಮೇಜಿನೆದುರು ನಿಂತಿದ್ದಾಳೆ, ಎರಡು ಹೊಸ ಯಂತ್ರಗಳು ಬಾಯ್ದೆರೆದು ಅವಳನ್ನೇ ನೋಡುತ್ತಿವೆ, ಕೊಳ್ಳಲಾಗುವುದು ಒಂದೇ.

ಯಾವುದು ಚೆಲುವಮ್ಮ, ಎನ್ನುತ್ತಾನೆ ಅಂಗಡಿಯ ಲ್ಯಾವ್, ನಲವತ್ತು ದಾಟಿದವರೆಲ್ಲ ಅವನಿಗೆ ಚೆಲುವಮ್ಮಂದಿರೇ, ಚಿತ್ರ ಬಿಡಿಸೋರಿಗೆ ಈ ಹಗುರದ್ದು, ಬಣ್ಣ ಅಂದ್ರೆ ಬಣ್ಣ, ಸಿನಿಮಾ ನೋಡೋರಿಗೆ ಆ ದೊಡ್ಡದು, ಪಕ್ಕದ ಮನೆಯೋರು ಬಂದು ಬಾಗಿಲು ಬಡೀಬೇಕು ಅಂಥ ದನಿ, ಎರಡೂ ಬೇಕು ಅನ್ನೋರಿಗೆ, ಎನ್ನುತ್ತಾಳೆ ಅವಳು, ಅವರಿಗೆ ದೇವರೇ ಗತಿ, ನಗುತ್ತಾನೆ ಅವನು — ನಗಲಿ, ಅವನಿಗೇನು, ಶುಕ್ರವಾರ ಬಂದರೆ ಅವಳು ಬಿಡಿಸುವ ಚಿತ್ರಕಥೆಯ ಕಂತು ಜನರ ಫೋನುಗಳಲ್ಲಿ ತೆರೆದುಕೊಳ್ಳಬೇಕು, ಹಳೆಯ ಪರದೆ ಕೆಂಪಿನ ಬಗ್ಗೆ ಸುಳ್ಳು ಹೇಳಿ ಹೋದ ಸಲ ಕಥೆಯ ಮದುಮಗಳ ಮುಖ ಪಿತ್ತ ಕೆರಳಿದವಳಂತೆ ಹಳದಿಯಾಗಿ ಹೊರಬಂತು, ಸಂಪಾದಕಿ ಶಾವ್ ಬರೆದಳು, ಇನ್ನೊಂದ್ಸಲ ಹೀಗಾದ್ರೆ ಕಥೆ ನಿಲ್ಲಿಸ್ಬೇಕಾಗತ್ತೆ ಅಕ್ಕ, ಬೇಜಾರ್ ಮಾಡ್ಕೋಬೇಡಿ, ಬೇಜಾರು ಮಾಡಿಕೊಳ್ಳಬಾರದಂತೆ, ಹಾಗಾದರೆ ಹಗುರದ್ದೇ, ಮುಗಿಯಿತು — ಆದರೆ ಅಪ್ಪ, ಕಿವಿ ಮಂದ, ಸೊಂಟ ಮುರಿದು ಮಲಗಿದಾಗಿನಿಂದ ಅವರಿಗಿರುವುದು ಮಧ್ಯಾಹ್ನ ಅವಳ ಲ್ಯಾಪ್‌ಟಾಪನ್ನು ಹಾಸಿಗೆಗೆ ತರಿಸಿಕೊಂಡು ನೋಡುವ ಬೊಂಬೆಯಾಟ ಒಂದೇ, ಕಿವಿಗೆ ಇಯರ್‌ಫೋನು ಸಿಕ್ಕಿಸಿದರೆ ಜೀರುಂಡೆ ಹೊಕ್ಕಿತು ಎಂದು ಕಿತ್ತೆಸೆಯುತ್ತಾರೆ, ಬೇರೆ ಸ್ಪೀಕರು ತಂದರೆ ಬೊಂಬೆ ಇಲ್ಲಿ ಮಾತು ಅಲ್ಲಿ, ಯಾರ್ದೋ ಮನೆ ಜಗಳ ಕೇಳ್ದಂಗಿದೆ ಅಂದರು, ಕೊನೆಗೆ ಹಳೆಯ ಯಂತ್ರದ ಕೀಲಿಮಣೆಗೇ ಕಿವಿ ಒತ್ತಿಕೊಂಡು ಮಲಗುತ್ತಿದ್ದರು, ಕಿವಿಯಿಟ್ಟರೆ ಬೊಂಬೆ ಕಾಣದು, ಬೊಂಬೆ ನೋಡಿದರೆ ಮಾತು ಕೇಳದು, ಒಂದಿಷ್ಟು ಕೇಳಿ, ತಲೆಯೆತ್ತಿ ಒಂದಿಷ್ಟು ನೋಡಿ, ಮತ್ತೆ ಕಿವಿ, ಎದ್ದಾಗ ಕೆಂಪಗಾದ ಕಿವಿಯ ಮೇಲೆ ಕೀಲಿಗಳ ಚೌಕದ ಅಚ್ಚು.

ಫೋನು ಹೊಡೆದುಕೊಳ್ಳುತ್ತದೆ, ಅಪ್ಪ, ಆ-ಚಿಂಗ್, ಬಣ್ಣ ಚೆನ್ನಾಗಿರೋದನ್ನೇ ತಗೊಂಡ್ಬಾ, ನಾನಿನ್ನು ಬೊಂಬೆಯಾಟ ನೋಡಲ್ಲ, ಯಾಕಪ್ಪ, ಎಲ್ಲಾ ನೋಡಿದ್ದೇ, ಯಾರು ಯಾರನ್ನ ಕೊಲ್ತಾರೆ ಅಂತ ನಂಗೆ ಗೊತ್ತು, ಬೇಜಾರಾಗಲ್ವಾ ನಿಮಗೆ, ಹೂಂ ಹೂಂ, ಗಂಜಿ ಕುಡ್ದೆ — ಕೇಳಿಸಿಲ್ಲ, ಕೇಳಿಸಿದವರಂತೆ ಫೋನು ಇಟ್ಟರು, ಲ್ಯಾವ್ ಹಗುರದ್ದರ ಪೆಟ್ಟಿಗೆ ತಂದಿಟ್ಟು ಚಾಕು ಹಿಡಿದಿದ್ದಾನೆ, ಅಂಟುಪಟ್ಟಿ ಕೊಯ್ದ ಮೇಲೆ ವಾಪಸ್ಸಿಲ್ಲ ಚೆಲುವಮ್ಮ, ಆಮೇಲೆ ಅಳ್ಬೇಡಿ, ಕೊಯ್ಯಿ ಎನ್ನಬೇಕು, ಅಪ್ಪನೇ ಹೇಳಿದ್ದಾರಲ್ಲ, ಶುಕ್ರವಾರ, ಮದುಮಗಳು, ಶಾವ್, ಇಷ್ಟು ವರ್ಷ ಬಿಡಿಸಿದ ಕಥೆ, ಅವಳ ಹೆಸರು ಅಂತಿರುವುದು ಅದೊಂದೇ, ಆ ಹಗುರ ಪರದೆಯಲ್ಲಿ ಕೆಂಪು ಎಷ್ಟು ಚೆನ್ನಾಗಿದೆ, ಒಂದು ಚೂರೂ ಸುಳ್ಳಿಲ್ಲ, ಸರಿಯಾದ ಕೆಂಪು, ಎಲ್ಲಿ ನೋಡಿದ್ದೆ ಇದನ್ನು, ಕಿವಿ, ಕೊಯ್ಲಾ ಚೆಲುವಮ್ಮ, ತಾಳು ಲ್ಯಾವ್, ಅದಲ್ಲ, ಕಿವಿ, ಚೌಕ ಚೌಕದ ಅಚ್ಚು ಬಿದ್ದ ಮುದಿ ಕಿವಿ —

ಯುನ್-ಚಿಂಗ್ ದೊಡ್ಡದನ್ನು ಕೊಂಡಳು.