ನೂರು ಎಂದು ಎಣಿಸಿದವಳು

ಖಾಡಿಯ ಹಿನ್ನೀರಿನ ಉಪ್ಪುವಾಸನೆ ಲೋಕಲ್ ಗಾಡಿಯ ಕಿಟಕಿಯ ಸರಳುಗಳ ನಡುವಿನಿಂದ ನುಗ್ಗಿತು, ಐರೋಲಿ ಇರಬೇಕು, ಹೌದು, ಕಾಂಡ್ಲಾ ಗಿಡಗಳ ಕಪ್ಪು ಕೆಸರು ಎತ್ತರದ ಕಟ್ಟಡಗಳ ನೆರಳನ್ನು ಹೊದ್ದು ಮಲಗಿದೆ, ಇನ್ನು ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸುವುದರೊಳಗೆ ಆ ಹುಡುಗಿಗೆ ಏನಾದರೊಂದು ಹೇಳಬೇಕು — ಸಂಜೆಯೊಳಗೆ ಕಳಿಸಿ ಅಂಕಲ್, ಎಂದಿದ್ದಳು ಮೀನಿನ ಸಂಶೋಧನೆ ಮಾಡುವ ನಿಶ್ಮಿತಾ, ಆಜ್ ಪೇಪರ್ ಸಬ್ಮಿಟ್ ಕರ್ನಾ ಹೈ, ನಿಮ್ಮ ಪೂರಾ ನಾಮ್ ಬರೋಬರ್ ಬರೆದು ಕಳಿಸಿ, ಥ್ಯಾಂಕ್ಸ್ ಹೇಳೋ ಜಾಗದಲ್ಲಿ ಫಸ್ಟ್ ನಿಮ್ಮದೇ. ನನ್ನದೇ. ಮೂವತ್ತಾರು ವರ್ಷ ಮೀನಿನ ಪ್ರಯೋಗಾಲಯದಲ್ಲಿ ಗಾಜು ತೊಳೆದ, ಬಣ್ಣ ಹಾಕಿದ, ಸೂಕ್ಷ್ಮದರ್ಶಕದ ಮೇಲೆ ಬಾಗಿ ಬಾಗಿ ಕತ್ತು ಕಳೆದುಕೊಂಡ ಚೆನ್ನಯನ ಹೆಸರು ಯಾವ ಪ್ರಬಂಧದಲ್ಲೂ ಅಚ್ಚಾಗಿಲ್ಲ. ಅದಕ್ಕೇ ಇರಬೇಕು, ಬೇಡ ಎನ್ನುವ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕರಗಿದ್ದು. ನವಿ ಮುಂಬಯಿಯ ಆ ತಂಪು ಕೋಣೆ, ಅವಳ ಪರದೆಯ ಮೇಲೆ ಬಣ್ಣದ ಗೆರೆಗಳು ಎರಡೆರಡಾಗಿ ಹರಿಯುತ್ತಿವೆ, ದೇಖಾ ಅಂಕಲ್, ಸಬ್ ಕುಛ್ ಡಬಲ್, ನಾವು ತಿನ್ನೋ ಹೆಚ್ಚಿನ ಮೀನುಗಳ ಪೂರ್ವಜರಿಗೆ ಒಂದ್ಸಲ ಆಗಿತ್ತು, ಮೂವತ್ತು ಕೋಟಿ ವರ್ಷ ಪಹಲೇ, ಪೂರಾ ಜೀನೋಮ್‌ನ ಕಾಪಿ, ಈ ನಿಮ್ಮ ಉಲ್ಹಾಸ್ ನದಿ ಮೀನಿನ ವಂಶದಲ್ಲಿ ಇನ್ನೊಂದ್ಸಲ, ಇಸೀಲಿಯೇ ನೂರು ವರ್ಣತಂತು, ಇದರ ನಾತೇವಾಯಿಕರಿಗೆಲ್ಲ, ನೆಂಟ ಮೀನುಗಳಿಗೆಲ್ಲ, ಐವತ್ತೇ — ಮತ್ತು ಮೇಜಿನ ಮೇಲೆ ನಮ್ಮ ಹಳೆಯ ಮರದ ಪೆಟ್ಟಿಗೆ, ಯಾವ ಗೋದಾಮಿನ ಧೂಳಿನಿಂದ ಎದ್ದು ಬಂದಿತೋ, ಒಳಗೆ ಗಾಜಿನ ಸ್ಲೈಡುಗಳು, ಮೂಲೆಯಲ್ಲಿ ಕನ್ನಡದಲ್ಲಿ ಚೆ, ಅದರ ಕೆಳಗೆ ೧೦೦. ಅಜ್ಜಿ ಕಲಿಸಿದ ಅಂಕಿ ಅಂಕಲ್, ಬಸ್ ಇಷ್ಟೇ ಓದೋಕ್ ಬರೋದು ನಂಗೆ. ನೀವು ಆಗಲೇ ಕರೆಕ್ಟ್ ಎಣಿಸಿದ್ರಿ! ನಿಮ್ಮ ಬಾಸ್ ಐವತ್ತು ಅಂತ ಛಾಪಿಸಿದ್ರಲ್ಲ, ಪಾಗಲ್ ಥೇ ಕ್ಯಾ? ನಾನು ನಕ್ಕೆ. ನಕ್ಕೆನಲ್ಲ. ಚೆ ಎಂದು ಬರೆದದ್ದು ನಾನು, ಸ್ಲೈಡು ನನ್ನದು. ಕೆಳಗಿನ ಆ ದುಂಡು ಸೊನ್ನೆಗಳು ನನ್ನವಲ್ಲ, ನನ್ನ ಸೊನ್ನೆಗಳಿಗೆ ಅಂಥ ದುಂಡುತನ ಎಂದೂ ಇರಲಿಲ್ಲ.

ಜಯಲತಾಳವು. ಅವಳ ಪುಟ್ಟ ಕತ್ತರಿ, ಬೆರಳಿಗೆ ಉಂಗುರದ ಹಾಗೆ ಅಂಟಿಕೊಂಡಿರುತ್ತಿದ್ದ ಕತ್ತರಿ — ನಾನು ಮೀನಿನ ಕೋಶಕ್ಕೆ ಬಣ್ಣ ಹಾಕಿ ಗಾಜಿನ ಮೇಲೆ ಹರಡಿಸುತ್ತಿದ್ದೆ, ಅವಳು ಅದರ ದೊಡ್ಡ ಫೋಟೋದಿಂದ ಒಂದೊಂದೇ ವರ್ಣತಂತುವನ್ನು ಕತ್ತರಿಸಿ, ಉದ್ದ ನೋಡಿ, ಸೊಂಟ ನೋಡಿ, ಜೋಡಿಗೆ ಜೋಡಿ ಹುಡುಕಿ ಕಾರ್ಡಿಗೆ ಅಂಟಿಸುತ್ತಿದ್ದಳು, ಒಂದೇ ಕಾರ್ಡಿನಲ್ಲಿ ಹಿಡಿಸುವುದಿಲ್ಲ ಮಾರಾಯ್ರೆ, ಈ ಮೀನಿಗೆ ಎರಡು ಮೀನಿನ ಸಂಸಾರ ಉಂಟು. ಮಧ್ಯಾಹ್ನದ ಡಬ್ಬಿಯ ಹೊತ್ತಿಗೆ ನಾನು ಹೊಸಕಾಲದ ಕವಿತೆ ಓದಿದರೆ, ಅರ್ಥ ಆಗ್ಲಿಲ್ಲ, ಆದ್ರೆ ಇನ್ನೊಮ್ಮೆ ಓದಿ, ಎನ್ನುತ್ತಿದ್ದಳು. ಹನ್ನೊಂದು ಮೀನು, ಹನ್ನೊಂದರಲ್ಲೂ ನೂರು. ನಾನೂ ಎಣಿಸಿದ್ದೆ, ಅವಳಿಗೆ ಹೇಳದೆ ನಾಲ್ಕು ದಿನ ಎಣಿಸಿದ್ದೆ, ನೂರು. ಸಾಹೇಬರು ಮಾತ್ರ ಅವಳ ಕಾರ್ಡುಗಳನ್ನು ಬೆರಳ ತುದಿಯಲ್ಲಿ ಸರಿಸಿ, ಜಯಲತಾ ಬಾಯಿ, ಒಂದರ ಮೇಲೊಂದು ಬಿದ್ದ ಎರಡು ಕೋಶ ಎಣಿಸಿದ್ದೀರಿ, ಚಷ್ಮಾ ಬದಲಾ, ಕನ್ನಡಕ ಬದಲಿಸಿ, ಎಂದು ನಕ್ಕರು, ಅವಳು ಕಾರ್ಡುಗಳನ್ನು ಎತ್ತಿಕೊಂಡು ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಹೋದಳು, ಬಾಗಿಲು ಮುಚ್ಚಿತು, ನಳದ ನೀರು ಸುರಿಯತೊಡಗಿತು, ಆಗ ಅವರು ನನ್ನತ್ತ ತಿರುಗಿ, ಚೆನ್ನಯ, ತುಮ್ ಬೋಲೋ, ಕಿತನಾ? ನನ್ನನ್ನು ಕಾಯಂ ಮಾಡುವ ಕಾಗದ ಅವರ ಗಾಜಿನ ಗುಂಡಿನ ಕೆಳಗೆ ಸಹಿಗಾಗಿ ಕಾಯುತ್ತಿದೆ, ಫ್ಯಾನಿನ ಗಾಳಿಗೆ ಅದರ ಒಂದು ಅಂಚು ಎದ್ದು ಎದ್ದು ಕೂರುತ್ತಿದೆ. ಪಚಾಸ್, ಸಾಬ್. ಐವತ್ತು ಎಂದೆ. ಅಷ್ಟೇ. ಎರಡೇ ಶಬ್ದ. ತಾತ್ಕಾಲಿಕ ಹುದ್ದೆಯ ಅವಳ ಅವಧಿ ತಿಂಗಳ ಕೊನೆಗೆ ಮುಗಿಯಿತು, ಎಣಿಸಲು ಬಾರದವಳು ಎಂಬ ಹೆಸರೊಂದು ಉಳಿಯಿತು, ಆಮೇಲೆ ವಾಗ್ಳೆ ಎಸ್ಟೇಟಿನ ಔಷಧಿ ಕಾರ್ಖಾನೆಯಲ್ಲಿ ಬಾಟಲಿಗೆ ಮಾತ್ರೆ ಎಣಿಸಿ ತುಂಬುವ ಕೆಲಸಕ್ಕೆ ಸೇರಿದಳಂತೆ, ಆಮೇಲೆ ಮದುವೆ, ಕಲ್ಯಾಣ ಊರಿನಲ್ಲಿ ಸಂಸಾರ. ನಳದ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಾರದು. ಈ ಒಂದು ವಾಕ್ಯದ ಮೇಲೆ ತಲೆಯಿಟ್ಟು ನಾನು ನಲವತ್ತೆರಡು ವರ್ಷ ಮಲಗಿದ್ದೇನೆ.

ಠಾಣೆ, ಇಳಿಯುವವರ ಮೊಣಕೈಗಳು, ಸೇತುವೆಯ ಮೆಟ್ಟಿಲು, ಮೊಣಕಾಲು, ವಡಾಪಾವಿನ ಎಣ್ಣೆಯ ಬಿಸಿ ಗಾಳಿ, ಕಲ್ಯಾಣಕ್ಕೆ ಹೋಗುವ ಗಾಡಿ ಐದು ನಿಮಿಷ ತಡ ಎನ್ನುತ್ತಿದೆ ಧ್ವನಿವರ್ಧಕ — ನಿಶ್ಮಿತಾಳಿಗೆ ಕನ್ನಡ ಬರೆದರೆ ಓದಲು ಬಾರದು, ಆದ್ದರಿಂದ ಕಂಬಕ್ಕೆ ಬೆನ್ನು ಕೊಟ್ಟು, ಫೋನಿನ ಗುಂಡಿ ಒತ್ತಿಹಿಡಿದು ಹೇಳಿದೆ, ಕೇಳಮ್ಮಾ, ಆ ನೂರು ನನ್ನದಲ್ಲ, ಜಯಲತಾ ಎನ್ನುವವರದು, ನಿಜ ಗೊತ್ತಿದ್ದೂ ಐವತ್ತು ಎಂದವನು ನಾನು. ಬೆರಳು ತೆಗೆದೆ, ಧ್ವನಿ ಹಾರಿಹೋಯಿತು, ಇಷ್ಟೇನೇ, ಇಷ್ಟು ಸುಲಭವೇ. ಗಾಡಿ ಬರುವ ಹೊತ್ತಿಗೆ ಅವಳ ಉತ್ತರ, ಓಹ್… ಓಕೆ ಅಂಕಲ್, ತೋ ಆಪ್‌ಕಾ ನಾಮ್ ನಿಕಾಲ್ ದೂಂ? ಮತ್ತೆ ಆ ಮ್ಯಾಡಂ ಹಾಂ ಹೇಳ್ಬೇಕು, ಪೂಛೇ ಬಿನಾ ಹೆಸರು ಹಾಕೋಕಾಗಲ್ಲ. ನಿಕಾಲ್ ದೋ, ತೆಗೆದುಬಿಡು, ಎಂದೆ. ಡೊಂಬಿವಲಿ ಬಂತು, ನನ್ನ ಊರು, ಮೂರನೆಯ ಮಹಡಿಯ ನನ್ನ ಕೋಣೆ, ತಡವಾದರೆ ಯಾಕೆ ತಡ ಎಂದು ಕೇಳುವವರಿಲ್ಲದ ಕೋಣೆ, ಕಾಕಾ, ಉತರ್ನಾ ಹೈ ಕ್ಯಾ, ನಹೀ ಬಾಬಾ, ಕಲ್ಯಾಣ್, ಜನ ಚೆಲ್ಲಿದರು, ಮತ್ತೆ ತುಂಬಿದರು. ಆ ಹುಡುಗಿ ಇನ್ನೂ ಏನೋ ಹೇಳಿದ್ದಳು — ಜೀನ್ ಡಬಲ್ ಆದ ಮೇಲೆ ಒಂದು ಕಾಪಿ ಕೆಲಸ ಮಾಡುತ್ತೆ ಅಂಕಲ್, ದುಸ್ರಾ ಫ್ರೀ, ಮೋಸ್ಟ್ಲಿ ಅದು ಹಾಳಾಗಿ ಚುಪ್ ಆಗುತ್ತೆ, ಒಂದೊಂದು ನಯಾ ಕಾಮ್ ಕಲಿಯುತ್ತೆ, ಇನ್ನು ಕೆಲವು ಜೋಡಿ ಹಳೇ ಕೆಲಸಾನೇ ಅರ್ಧ ಅರ್ಧ ಹಂಚ್ಕೊಳ್ತವೆ, ಆಮೇಲೆ ಎರಡರಲ್ಲಿ ಒಂದನ್ನೂ ಬಿಡೋಕಾಗಲ್ಲ. ನಾನು ಬಣ್ಣ, ಅವಳು ಕತ್ತರಿ. ಐವತ್ತು ಎಂದವನು ದುಡಿದ, ಕಾಯಂ ಆದ, ನಿವೃತ್ತಿಯ ದಿನ ಶಾಲು ಹೊದ್ದ. ನೂರು ಎಣಿಸಿದವನು ಅದೇ ಮೈಯೊಳಗೆ ಬಿದ್ದಿದ್ದಾನೆ, ಅಕ್ಷರ ಉದುರಿದ ನಾಮಫಲಕದಂತೆ, ಯಾರ ಮನೆಯೆಂದು ಈಗ ಯಾರೂ ಓದಲಾರರು.

ಕಲ್ಯಾಣ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚು, ಕಲ್ಲಿನೊಳಗೆ ಇನ್ನೂ ಮಧ್ಯಾಹ್ನದ ಬಿಸಿ. ಕನ್ನಡ ಸಂಘದ ಸದಸ್ಯರ ಪಟ್ಟಿಯಿಂದ ಬರೆದುಕೊಂಡ ಜಯಲತಾಳ ಸಂಖ್ಯೆ, ಏಳು ವರ್ಷದಿಂದ ಡೈರಿಯಲ್ಲಿರುವ ಸಂಖ್ಯೆ, ಒತ್ತಿದೆ, ನಾಲ್ಕು ಸಲ ರಿಂಗಾಯಿತು, ಯಾರು? ನಾನು ಚೆನ್ನಯ. ಯಾವ ಚೆನ್ನಯ — ಲ್ಯಾಬಿನವರಾ? ಬದುಕಿದ್ದೀರಾ ಮಾರಾಯ್ರೆ! ನಕ್ಕಳು, ಆ ನಗೆಗೆ ವಯಸ್ಸಾಗಿಲ್ಲ, ನಾನು ಒಂದೇ ಉಸಿರಿಗೆ ಹೇಳಿದೆ, ಹೊಸ ಯಂತ್ರಗಳು ಓದಿವೆ, ನೂರು ಸರಿ, ನೀವು ಸರಿ. ಅದು ನಂಗೆ ಗೊತ್ತುಂಟಲ್ಲ, ಎಂದಳು, ನಿಮಗೂ ಗೊತ್ತಿತ್ತು. ಅವತ್ತು ನಾನು ಸಾಹೇಬರಿಗೆ — ಪಚಾಸ್ ಅಂದ್ರಿ, ಎಂದಳು. ನಳ ನಾನು ಆಗಲೇ ನಿಲ್ಲಿಸಿದ್ದೆ. ಎದುರಿನ ಹಳಿಯ ಮೇಲೆ ಗಾಡಿಯೊಂದು ಬಂತು, ಇಡೀ ಗಾಡಿ ಖಾಲಿಯಾಗುವಷ್ಟರಲ್ಲಿ ನಿಶ್ಮಿತಾಳ ಪ್ರಬಂಧದ ವಿಷಯ ಹೇಳಿದೆ. ಹೆಸರು ಹಾಕ್ತಾರಂತಾ? ನೀವು ಹೂಂ ಅಂದರೆ. ಹಾಕ್ಲಿ, ಆಗಿನ ಹೆಸರೇ ಹಾಕ್ಲಿಕ್ಕೆ ಹೇಳಿ, ಜಯಲತಾ ಸಾಲ್ಯಾನ್, ನಂದೇ ಅಲ್ವಾ ಅದು. ನಾನು ಇಲ್ಲೇ ಸ್ಟೇಷನ್ನಿನಲ್ಲಿದ್ದೇನೆ ಜಯಲತಾ, ರಿಕ್ಷಾದಲ್ಲಿ ಹತ್ತು ನಿಮಿಷ — ಬೇಡ. ಸಿಟ್ಟೆಲ್ಲ ಇಲ್ಲ ಈಗ. ಆದ್ರೆ ನಿಮ್ಮನ್ನು ಎದುರು ಕೂರಿಸಿ ಚಾ ಕೊಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಇಡ್ತೇನೆ, ಆಯ್ತಾ? ಇಟ್ಟಳು, ಫೋನನ್ನು ಎಲ್ಲೋ ಇಟ್ಟಳು, ಮೇಜಿನ ಮೇಲೋ, ಅಡುಗೆಕಟ್ಟೆಯ ಮೇಲೋ, ಕರೆ ಮಾತ್ರ ಕಡಿದಿಲ್ಲ, ಕುಕ್ಕರಿನ ಸೀಟಿ ಕೇಳಿಸುತ್ತಿದೆ, ತಟ್ಟೆ ಸರಿದ ಸದ್ದು, ಎಳೆಯ ಧ್ವನಿಯೊಂದು ಮರಾಠಿಯಲ್ಲಿ, ಕೋಣ್ ಹೋತಂ ಆಜೀ? ಕೋಣೀ ನಾಹೀ ಗಂ, ಯಾರೂ ಅಲ್ಲ, ಹೆಜ್ಜೆಗಳು ದೂರವಾದವು, ಈಗ ಬರಿಯ ಮನೆ, ಒಂದು ಮನೆಯ ಗಾಳಿ, ಮತ್ತು ಪರದೆಯ ಮೇಲೆ ಅವಳ ಸಂಖ್ಯೆಯ ಕೆಳಗೆ ಏರುತ್ತಿರುವ ಅಂಕಿಗಳು, ಕೆಂಪು ಗುಂಡಿಯ ಮೇಲೆ ನನ್ನ ಹೆಬ್ಬೆರಳು, ಮುಟ್ಟದೆ — ಆರು ನಿಮಿಷ ಹನ್ನೊಂದು, ಆರು ನಿಮಿಷ ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು