ಡಬ್ಬಿಯೊಳಗಿನ ಪಂಕ್ತಿ

ನಾನೊಂದು ರೌಟರ್. ಈ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕರೆದಿಲ್ಲ. ‘ನೆಟ್ಟಿನ ಡಬ್ಬಿ’ ಎನ್ನುತ್ತಾರೆ, ಸಿಟ್ಟು ಬಂದರೆ ‘ಸುಡಗಾಡ ಡಬ್ಬಿ’. ಸಿಟ್ಟು ದಿನಕ್ಕೆ ನಾಲ್ಕು ಸಲ ಬರುತ್ತದೆ.

ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಸಾವಿರಾರು ಅಣ್ಣತಮ್ಮಂದಿರ ಜೊತೆ. ಎರಡು ಕೊಂಬು, ಐದು ಹಸಿರು ದೀಪ, ಒಂದು ಕೆಂಪು ದೀಪ. ಮೊದಲು ಸೇರಿದ್ದು ಗದಗಿನ ಒಂದು ಝೆರಾಕ್ಸ್ ಅಂಗಡಿಗೆ. ಅಲ್ಲಿ ಯಾರು ಮೊದಲು ಬಂದರೋ ಅವರ ಅರ್ಜಿ ಮೊದಲು ಹೋಗುತ್ತಿತ್ತು, ಜಗಳವೇ ಇರಲಿಲ್ಲ. ಅಂಗಡಿ ಮುಚ್ಚಿದಾಗ ನಲ್ಲಿ-ಪೈಪಿನ ವ್ಯಾಪಾರಿ ವೀರೇಶ ನನ್ನನ್ನು ತನ್ನ ಮನೆಗೆ ತಂದು ಪಡಸಾಲೆಯ ಗೂಡಿನಲ್ಲಿಟ್ಟ. ಅಂದಿನಿಂದ ನನ್ನ ಗ್ರಹಚಾರ ಕೆಟ್ಟಿತು.

ನನ್ನ ಬೆನ್ನಿನ ವೈರಿನಲ್ಲಿ ಬರುವ ನೆಟ್ಟು ಒಂದು ಬುಟ್ಟಿ ರೊಟ್ಟಿ ಇದ್ದಂತೆ. ಒಬ್ಬರಿಗೆ ಹೆಚ್ಚು ಬಡಿಸಿದರೆ ಇನ್ನೊಬ್ಬರಿಗೆ ಕಡಿಮೆ. ಇದನ್ನು ಯಾರಿಗೆ ಹೇಳಲಿ? ಎಲ್ಲರೂ ‘ನೆಟ್ಟಿಲ್ಲ, ನೆಟ್ಟಿಲ್ಲ’ ಎಂದು ನನ್ನ ತಲೆಗೇ ಬಡಿಯುತ್ತಿದ್ದರು. ಕೊನೆಗೆ ವೀರೇಶ ಮೊಬೈಲಿನಿಂದ ನನ್ನೊಳಗೆ ಹೊಕ್ಕು, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಪಟ್ಟಿ ಬರೆಯಲು ಕುಳಿತ.

“ಅಪ್ಪಾರ ಟಿವಿ ಮೊದ್ಲ. ಆಮ್ಯಾಲ ನನ್ನ ಫೋನು. ಮೂರನೇದು ತಮ್ಮಂದು. ಕಡೀಕ ದಾನೇಶ್ವರಿ ಲ್ಯಾಪ್‌ಟಾಪು.”

ಅವನ ತಾಯಿ ನೀಲವ್ವ ಜೋಳ ಹಸನು ಮಾಡುತ್ತಿದ್ದವಳು ತಲೆಯೆತ್ತಿದಳು. “ಇದು ಥೇಟ ನಮ್ಮ ಊಟದ ಪಂಕ್ತಿನ ಆತಲ್ಲೋ!”

“ಮತ್ತ? ಮನಿ ಪದ್ಧತಿ ಬಿಡಾಕ ಆಕ್ಕೇತೇನ?” ಎಂದ ವೀರೇಶ.

ದಾನೇಶ್ವರಿ ಅವನ ಹೆಂಡತಿ. ಗಣಿತದಲ್ಲಿ ಎಂ.ಎಸ್ಸಿ. ಮದುವೆಯಾಗಿ ಎರಡು ವರ್ಷದ ಮೇಲೆ ಅವಳಿಗೊಂದು ಆನ್‌ಲೈನ್ ಪಾಠದ ಕಂಪನಿಯಿಂದ ಕರೆ ಬಂದಿತ್ತು. ಭಾನುವಾರ ನಾಲ್ಕಕ್ಕೆ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕೆಲಸ. ಅವಳು ವಾರವಿಡೀ ಗೋಡೆಗೆ ಪಾಠ ಹೇಳಿ ಅಭ್ಯಾಸ ಮಾಡಿದಳು.

ನಾಲ್ಕು ಗಂಟೆ ಆಯಿತು. ಮಾವ ಗುರುಸಿದ್ದಪ್ಪ ಟಿವಿಯಲ್ಲಿ ಕುಸ್ತಿ ಹಚ್ಚಿ ಗೊರಕೆ ಹೊಡೆಯುತ್ತಿದ್ದ. ನಿದ್ದೆ ಮಾಡುವವನಿಗೂ ಮೊದಲ ಪಾಲು! ವೀರೇಶ ಕ್ರಿಕೆಟ್ ನೋಡುತ್ತಿದ್ದ. ತಮ್ಮ ಮಹಾಂತೇಶ ಹೊಸ ಗೇಮು ಇಳಿಸಿಕೊಳ್ಳುತ್ತಿದ್ದ. ದಾನೇಶ್ವರಿಯ ಪಾಲಿಗೆ ಬುಟ್ಟಿಯ ತಳದ ಚೂರು. ತ್ರಿಕೋನದ ಎರಡು ಗೆರೆ ಎಳೆಯುವಷ್ಟರಲ್ಲಿ ಅವಳ ಕೈ ಪರದೆಯ ಮೇಲೆ ನಿಂತುಬಿಟ್ಟಿತು. “ಟೀಚರ್, ಏನೂ ಕೇಳ್ಸವಲ್ದು” ಎಂದಿತು ಆ ಕಡೆಯ ಮಗು. ಕೊಡಬೇಕೆಂದು ನನಗೆ ಎಷ್ಟು ಆಸೆಯಿತ್ತು! ಪಟ್ಟಿ ಬಿಡಬೇಕಲ್ಲ.

ವೀರೇಶ ಬಂದು ನನ್ನ ಪ್ಲಗ್ ಕಿತ್ತು, ಮತ್ತೆ ಹಾಕಿ, ಎರಡು ಏಟು ಕೊಟ್ಟ. “ಡಬ್ಬೀನ ಸರಿ ಇಲ್ಲ.”

“ರೀ, ಡಬ್ಬಿಗ್ಯಾಕ ಹೊಡೀತೀರಿ? ನೀವು ಬರದದ್ದನ್ನ ಅದು ಮಾಡೇತಿ” ಎಂದಳು ದಾನೇಶ್ವರಿ. ಈ ಮನೆಯಲ್ಲಿ ನನ್ನ ಪರವಾಗಿ ಮಾತಾಡಿದ್ದು ಅವಳೊಬ್ಬಳೇ.

ಕಂಪನಿಯವರು ಮುಂದಿನ ಭಾನುವಾರಕ್ಕೆ ಇನ್ನೊಂದೇ ಅವಕಾಶ ಕೊಟ್ಟರು. ಅರ್ಧ ಗಂಟೆ ಮಟ್ಟಿಗೆ ತನ್ನನ್ನು ಪಟ್ಟಿಯಲ್ಲಿ ಮೇಲೆ ಹಾಕಿರಿ ಎಂದು ಅವಳು ಕೇಳಿಕೊಂಡಳು.

“ಅಪ್ಪಾರನ್ನ ಕೆಳಗ ಹಾಕಲೇನ? ಮಂದಿ ಏನಂದಾರು?”

ಎಲಾ ಇವನ! ನನ್ನೊಳಗೆ ಬಂದು ಇಣುಕುವ ಮಂದಿ ಯಾರಪ್ಪಾ? ಬಾಯಿದ್ದರೆ ಕೇಳುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ಗಂಡಸರು ಮೂವರೂ ಪಡಸಾಲೆಯಲ್ಲಿ ಊಟಕ್ಕೆ ಕುಳಿತರು. ತಾಟು ಬಂತು, ನೀರು ಬಂತು, ರೊಟ್ಟಿ ಬರಲಿಲ್ಲ. ನೀಲವ್ವ ಬುಟ್ಟಿಯನ್ನು ಸೊಂಟಕ್ಕೊತ್ತಿ ಬಾಗಿಲಲ್ಲಿ ನಿಂತಿದ್ದಳು.

“ಅವ್ವಾ, ಹಸಿವ್ಯಾಗೇತಿ” ಎಂದ ವೀರೇಶ.

“ಆಗ್ಲಿ. ಮೊದ್ಲ ಆ ಡಬ್ಬ್ಯಾಗಿನ ಪಂಕ್ತಿ ತಿರುವಿ ಹಾಕು. ಆಮ್ಯಾಲ ರೊಟ್ಟಿ.”

ವೀರೇಶ ಅಪ್ಪನ ಮುಖ ನೋಡಿದ. ಗುರುಸಿದ್ದಪ್ಪ ಖಾಲಿ ತಾಟು ನೋಡಿದ. “ಹಾಕೋ ಮಾರಾಯಾ, ಎಣ್ಣಿಗಾಯಿ ಆರಾಕತ್ತೈತಿ!” ಎಂದ. ಎರಡೇ ನಿಮಿಷ. ದಾನೇಶ್ವರಿ ಮೇಲೆ ಬಂದಳು. ಅಂದು ಅವಳ ತ್ರಿಕೋನದ ಮೂರು ಗೆರೆಯೂ ಕೂಡಿದವು. ಕೆಲಸ ಸಿಕ್ಕಿತು. ನನಗೆ ಕುಣಿಯಬೇಕೆನಿಸಿತು, ವೈರು ಬಿಡಲಿಲ್ಲ.

ಈಗ ಮನೆಗೆ ದೊಡ್ಡ ಕನೆಕ್ಷನ್ ಬಂದಿದೆ, ನಾಲ್ಕು ಕೊಂಬಿನ ಹೊಸ ಡಬ್ಬಿ ಬಂದಿದೆ. ಅದಕ್ಕೆ ಪಟ್ಟಿಯೇ ಬೇಕಿಲ್ಲ, ಎಲ್ಲರಿಗೂ ಸಾಕಾಗುವಷ್ಟಿದೆ. ನನ್ನನ್ನು ಪ್ಲಗ್ ಕಿತ್ತು ಅಡುಗೆಮನೆಯ ಕಪಾಟಿನ ಮೇಲೆ ಎಸೆದಿದ್ದಾರೆ. ಪಡಸಾಲೆಯಲ್ಲಿದ್ದಾಗ ಕಾಣದ್ದು ಇಲ್ಲಿಂದ ಕಾಣುತ್ತದೆ.

ಸಂಜೆ ಆರರಿಂದ ಎಂಟರವರೆಗೆ ಅವಳ ಪಾಠ. ಮುಗಿದ ಕೂಡಲೇ ಪಡಸಾಲೆಯಿಂದ ವೀರೇಶನ ಕೂಗು: “ದಾನೇಶ್ವರೀ, ಬಿಸಿ ರೊಟ್ಟಿ ತಾ!” ಅವಳು ಕಿವಿಯ ಹೆಡ್‌ಫೋನ್ ತೆಗೆದಿಟ್ಟು, ಕೈ ತೊಳೆದು ಹಂಚಿನ ಮುಂದೆ ನಿಲ್ಲುತ್ತಾಳೆ. ಮಾವನಿಗೆ, ಗಂಡನಿಗೆ, ಮೈದುನನಿಗೆ. ಎಲ್ಲರದೂ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಆರಿದ ರೊಟ್ಟಿ ಮುರಿದುಕೊಂಡು ನೆಲಕ್ಕೆ ಕೂರುತ್ತಾರೆ.

ನನ್ನೊಳಗಿನ ಪಂಕ್ತಿ ಎರಡು ನಿಮಿಷಕ್ಕೆ ಬದಲಾಗಿತ್ತು. ಇದು ದಿನಾ ಹೀಗೆಯೇ. ನೆಟ್ಟು ಕೆಟ್ಟಾಗ ಕೆಂಪು ದೀಪ ಹೊತ್ತಿಸಿ ಕರೆಯುವುದು ನನಗೆ ರೂಢಿ. ಈಗಲೂ ಹೊತ್ತಿಸೋಣವೆಂದರೆ ಕರೆಂಟಿಲ್ಲ.