ಪಕೀರಪ್ಪನ ಪ್ರವೇಶ

"ಪೇಟಿ ಒಳಗ ತರಬ್ಯಾಡ್ರಿ ಕಾಕಾ," ಎಂದು ಶೇಖರ ಬಾಗಿಲಿಗೆ ಅಡ್ಡಗೈ ಇಟ್ಟ.

ದೇವದುರ್ಗದಿಂದ ಮೊದಲ ಬಸ್ಸಿಗೆ ಮಾನ್ವಿಗೆ ಬಂದಿಳಿದ ಅಂಬಣ್ಣ ಮಾಸ್ತರು ಹಾರ್ಮೋನಿಯಂ ಪೇಟಿಯನ್ನು ಎದೆಗೆ ಅವಚಿಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಹಿಂದೆ ನಾಟಕ ಕಂಪನಿಯ ನಟಿ ಅನ್ವರಿ ಬೇಗಂ, ಅವಳ ಹಿಂದೆ ಅದೇ ಕಂಪನಿಯ ಮೂವರು ಹಳೆಯ ನಟರು.

ಒಳಗೆ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಮಗ್ಗುಲಲ್ಲಿ ಮಾನಮ್ಮ ಕುಳಿತಿದ್ದಳು. ಎಪ್ಪತ್ತನಾಲ್ಕು ವರ್ಷದ ಪಕೀರಪ್ಪ ನಿನ್ನೆ ಸಂಜೆ ಚಹಾ ಕುಡಿದು, ಲೋಟ ಕೆಳಗಿಡುವಷ್ಟರಲ್ಲಿ ಹೋಗಿಬಿಟ್ಟಿದ್ದ. ನಲವತ್ತೊಂದು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರ ಮಾಡಿದವನು. ಅದೇ ಅವನ ಉದ್ಯೋಗ, ಅದರಲ್ಲೇ ಸಂಸಾರ.

"ನನ್ನ ಕೆಲಸದ ಮಂದಿ ಶಕ್ತಿನಗರದಿಂದ ಬರಾಕತ್ತಾರ," ಎಂದ ಮಗ ಶೇಖರ. "ಹಾಡು, ಚೇಷ್ಟಿ ಏನೂ ಬ್ಯಾಡ. ಇದು ಸಾವಿನ ಮನಿ."

"ಚೇಷ್ಟಿ ಮಾಡಾಂವ ಒಳಗ ಸುಮ್ಮ ಕುಂತಾನಲ್ಲಪ್ಪಾ," ಎಂದಳು ಅನ್ವರಿ ಬೇಗಂ. "ನಾವೇನು ಮಾಡೂನು?"

ಅಂಗಳದ ಹೆಂಗಸರು ಕಿಸಕ್ಕನೆ ನಕ್ಕರು. ಶೇಖರನ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡರು.

"ಅವರನ್ನ ಬಿಡೋ ಶೇಖರಾ," ಮಾನಮ್ಮ ಕುಳಿತಲ್ಲಿಂದಲೇ ಅಂದಳು. "ಭಜನಿ ಅಷ್ಟ ಬಾರಸ್ತಾರ. ನಾ ಮಾತು ಕೊಡ್ತೀನಿ."

ಶೇಖರ ಕೈ ತೆಗೆದ.

ಮಾನಮ್ಮ ಮಾತೇನೋ ಕೊಟ್ಟಳು, ಆದರೆ ಅವಳಿಗೆ ಎರಡೂ ಬೇಕಿತ್ತು. ಗಂಡ ನಟನಾಗಿಯೇ ಹೋಗಬೇಕು. ಮಗ ತಲೆ ತಗ್ಗಿಸದೆ ಅವನನ್ನು ಹೊರಬೇಕು. ಈ ಎರಡೂ ಒಟ್ಟಿಗೆ ಆಗುವ ದಾರಿ ಅವಳಿಗೆ ಕಾಣಲಿಲ್ಲ. ನೀರಮಾನ್ವಿಯ ದಿಕ್ಕಿಗೆ ಕೈಮುಗಿದು, "ತಾಯಿ ಎಲ್ಲಮ್ಮಾ, ನೀನಾ ನೋಡವ್ವಾ," ಎಂದು ಭಾರವನ್ನು ಆಕೆಗೆ ಬಿಟ್ಟಳು.

*

ಶೇಖರ ಇನ್ನೂ ತೊಟ್ಟಿಲಲ್ಲಿದ್ದಾಗ ಮಾನಮ್ಮನ ಅಣ್ಣ ಓಡಾಡಿ, ಪಕೀರಪ್ಪನಿಗೆ ಶಕ್ತಿನಗರದಲ್ಲಿ ಕಾವಲುಗಾರನ ಕೆಲಸ ಕೊಡಿಸಿದ್ದ. ಖಾಕಿ ಅಂಗಿ, ತಿಂಗಳ ಪಗಾರ, ಇರಲು ಖೋಲಿ. ಮಾನಮ್ಮ ಹತ್ತಿ ಬಿಡಿಸುವುದನ್ನು ಬಿಟ್ಟು ಗಂಟು ಕಟ್ಟಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಅದೇ ಖಾಕಿ ಅಂಗಿಯಲ್ಲಿ ಗಂಡ ಅಂಗಳದಲ್ಲಿ ನಿಂತಿದ್ದ.

"ಯಾಕ, ಕೆಲಸ ಬಿಡಿಸಿದ್ರೇನು?"

"ಇಲ್ಲ ಬೇ, ನಾನಾ ಬಿಟ್ಟೆ. ಮೂರು ದಿನದಾಗ ಒಬ್ಬಾಂವರ ನಗಬೇಕಲ್ಲ? ಗೇಟಿನ ಮುಂದಿನ ನಾಯಿ ಸುದ್ದಾ ಹಲ್ಲು ಕಿಸಿಯಂಗಿಲ್ಲ."

ಮಾನಮ್ಮ ಬೈಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅದೇ ಖಾಕಿಯಲ್ಲಿ ದೊಡ್ಡ ಸಾಹೇಬನಂತೆ ಹೊಟ್ಟೆ ಮುಂದೆ ಮಾಡಿ, ತೊಟ್ಟಿಲಿಗೆ ಸಲಾಮು ಹೊಡೆದು, ಕೂಸನ್ನು ಹಾಜರಿ ಕೇಳಿದ. ಕೂಸು ಕೇಕೆ ಹಾಕಿತು. ಮಾನಮ್ಮ ಗಂಟು ಬಿಚ್ಚಿದಳು. ಮರುದಿನ ಅವನು ಕಂಪನಿ ಟೆಂಟು ಹಾಕಿದ್ದ ರಾಯಚೂರಿನ ಕ್ಯಾಂಪಿಗೆ, ಅವಳು ಹತ್ತಿ ಹೊಲಕ್ಕೆ.

ಕೇಕೆ ಹಾಕಿದ ಕೂಸು ಶಾಲೆಗೆ ಹೋದ ಮೇಲೆ ನಗುವುದನ್ನೇ ಬಿಟ್ಟಿತು. ಹುಡುಗರು 'ಜೋಕರನ ಮಗ' ಎಂದು ಕರೆಯುತ್ತಿದ್ದರು. ಮುಂದೆ ಅದೇ ಶಕ್ತಿನಗರದಲ್ಲಿ ಶೇಖರನಿಗೆ ಕಾಯಂ ನೌಕರಿಯಾಯಿತು. ಮದುವೆಯ ಹಿಂದಿನ ದಿನ ಅವನು, "ಯಪ್ಪಾ, ನಾಳಿ ಒಂದಿನ ಏನೂ ಮಾಡಬ್ಯಾಡ," ಎಂದ. ಪಕೀರಪ್ಪ ಏನೂ ಮಾಡಲಿಲ್ಲ. ಇಡೀ ದಿನ ಬಿಳಿ ಅಂಗಿ ತೊಟ್ಟು, ಯಾರದೋ ಮದುವೆಗೆ ಬಂದವನ ಹಾಗೆ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ. ಉಣ್ಣಲು ಕರೆದರೂ, 'ಬರ್ಲೇನು?' ಎಂದು ಎರಡು ಸಲ ಕೇಳಿಯೇ ಎದ್ದ. ಆ ಪಾತ್ರವನ್ನು ಅವನು ಬಹಳ ಚೆನ್ನಾಗಿ ಮಾಡಿದ್ದನೆಂಬುದು ಮಾನಮ್ಮನಿಗೆ ಮಾತ್ರ ಗೊತ್ತಿತ್ತು.

*

ಬಿಸಿಲು ಏರಿತು. ಅಂಬಣ್ಣ ಮಾಸ್ತರು, ಮಾನಮ್ಮ ಕೊಟ್ಟ ಮಾತಿನಂತೆ, ಬರೀ ಭಜನೆ ಬಾರಿಸುತ್ತಿದ್ದರು. ಶಕ್ತಿನಗರದವರು ಬಂದು ಕುಳಿತರು. ಅನ್ವರಿ ಬೇಗಂ ದನಿ ತಗ್ಗಿಸಿ ಹೆಂಗಸರಿಗೆ ಹೇಳುತ್ತಿದ್ದಳು:

"ನಾನು ಹೆಂಡ್ತಿ, ಇಂವ ಗಂಡ. ಕಪಾಳಕ್ಕ ಹೊಡಿಯೋ ಸೀನು. ಹೊಡದೆ ನೋಡು, ಇವನ ಮೀಸಿ ಕಿತ್ತು ನನ್ನ ಅಂಗೈಗೆ ಹತ್ತಿಬಿಡ್ತು! ನಾನು ಹೆದರಿ ನಿಂತೆ. ಇಂವ ನನ್ನ ಕೈ ಹಿಡದು, 'ಇನ್ನ ಮ್ಯಾಲ ಮನಿ ಯಜಮಾನಕಿ ನಿಂದಾ, ಮೀಸಿ ನೀನಾ ತಿರುವು,' ಅಂದ. ಯಾ ಅಲ್ಲಾ! ಟೆಂಟು ಹಾರಿ ಹೋಗ್ತದೋ ಅನ್ನಂಗ ನಕ್ಕರು."

ಈ ಸಲ ಹೆಂಗಸರು ಸೆರಗು ಹುಡುಕಲಿಲ್ಲ. ಶಕ್ತಿನಗರದವರೂ ನಕ್ಕರು. ಶೇಖರ ಮಾತ್ರ ಹೂವಿನ ಹಾರದ ಗಂಟು ಬಿಗಿಯುವ ನೆವದಲ್ಲಿ ಮುಖ ತಿರುಗಿಸಿದ.

ಹೊತ್ತಾಯಿತು. ಹೂ ಕಟ್ಟಿದ ಕುರ್ಚಿಯಲ್ಲಿ ಪಕೀರಪ್ಪನನ್ನು ಕೂರಿಸಿ ಬಿದಿರುಗಳಿಗೆ ಬಿಗಿದರು. ಮುಂದಿನ ಎಡಕ್ಕೆ ಶೇಖರ ಹೆಗಲು ಕೊಟ್ಟ. ಉಳಿದ ಮೂರು ಕಡೆ ಮೂವರು ನಟರು. ಬಗ್ಗಿ, ಬಾಗಿಲು ದಾಟಿ, ಎದ್ದು ನಿಂತರು.

ಹೊರಗೆ ಪೇಟಿಯನ್ನು ಕೊರಳಿಗೆ ಕಟ್ಟಿಕೊಂಡು ನಿಂತಿದ್ದ ಅಂಬಣ್ಣ ಮಾಸ್ತರು ತಲೆ ಎತ್ತಿದರು. ಬಾಗಿಲಲ್ಲಿ ಪಕೀರಪ್ಪ ಕಂಡ. ಅಷ್ಟೇ. ಭಜನೆ ಅರ್ಧಕ್ಕೆ ತುಂಡಾಗಿ, ಅವರ ಬೆರಳುಗಳಿಂದ ಪಕೀರಪ್ಪ ರಂಗಕ್ಕೆ ಬರುವಾಗಿನ ಕುಣಿಯುವ ಮಟ್ಟು ಹೊರಟಿತು. ಓಣಿಯ ಆ ತುದಿಯಿಂದ ಯಾರೋ ಸಿಳ್ಳೆ ಹಾಕಿದರು.

ಮಾಸ್ತರು ಬೆಚ್ಚಿ ಕೈ ತೆಗೆದರು. "ತಪ್ಪಾತಪ್ಪಾ ಶೇಖರಾ... ಅಂವ ಬಾಗಲದಾಗ ಕಂಡಕೂಡ್ಲೆ ಕೈ ತಾನಾ ಹೋತು."

ಮಾನಮ್ಮ ಮಗನ ಬೆನ್ನನ್ನೇ ನೋಡಿದಳು. ತಾನು ಕೊಟ್ಟ ಮಾತು ಎಲ್ಲರ ಎದುರಿಗೆ ಮುರಿದಿತ್ತು. ಶೇಖರ ತಿರುಗಲಿಲ್ಲ. ಹೆಗಲ ಮೇಲಿನ ಬಿದಿರನ್ನು ಒಮ್ಮೆ ಸರಿಪಡಿಸಿಕೊಂಡ.

"ಬಾರಸ್ರಿ ಕಾಕಾ," ಎಂದ. "ಅರ್ಧಕ್ಕ ನಿಂತ್ರ ನಮ್ಮಪ್ಪ ಹೆಂಗ ಹೊಂಡ್ತಾನ?"

ಮಟ್ಟು ಮತ್ತೆ ಹೊರಟಿತು. ಆ ಮಟ್ಟಿಗೆ ಪಕೀರಪ್ಪ ನಡೆಯುತ್ತಿದ್ದುದು ಒಂದೇ ರೀತಿ: ಮೂರು ಹೆಜ್ಜೆ ಮುಂದೆ, ಏನೋ ಮರೆತವನಂತೆ ಒಂದು ಹೆಜ್ಜೆ ಹಿಂದೆ. ಮೂವರು ನಟರ ಕಾಲಿಗೆ ಬೇರೆ ನಡಿಗೆ ತಿಳಿಯದು. ಮೂರು ಇಟ್ಟು ಒಂದು ಹಿಂದೆ ಬಂದರು. ಶೇಖರ ಮುಂದೆಯೇ ಹೋದ. ಕುರ್ಚಿ ವಾಲಿತು, ಚೆಂಡುಹೂ ಉದುರಿದವು. ಎರಡನೆಯ ಸಲ ಅವನ ಕಾಲು ಗಾಳಿಯಲ್ಲೇ ನಿಂತಿತು. ಮೂರನೆಯ ಸಲ ಅವನೂ ತಾಳಕ್ಕೆ ಸರಿಯಾಗಿ ಒಂದು ಹೆಜ್ಜೆ ಹಿಂದೆ ಬಂದ.

ಹಿಂದಿದ್ದ ಮಾನಮ್ಮ ಅನ್ವರಿ ಬೇಗಮಳ ಪಾದ ತುಳಿದಳು. ಅನ್ವರಿ ತನ್ನ ಹಿಂದಿನವರನ್ನು ತುಳಿದಳು. ಮಂದಿಯೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ನಗುತ್ತ, ಮೂರು ಹೆಜ್ಜೆ ಹೋಗಿ ಒಂದು ಹೆಜ್ಜೆ ಬರತೊಡಗಿದರು. ಅರ್ಧ ತಾಸಾದರೂ ಪಕೀರಪ್ಪ ತನ್ನ ಓಣಿ ದಾಟಿರಲಿಲ್ಲ.